ಅಜ್ಜಿಗೆ ಗ್ರಾಂಥಿಕ ಬರಂಗಿಲ್ಲ

1/5
ಮೊದಲೇ ಹೇಳಿಬಿಡ್ತೀನಿ: ಬರೀಬೇಕು ಅಂತ ಆಸೆ ಇದ್ದೂ "ನಮ್ಮ ಭಾಷೆ ಸರಿ ಇಲ್ಲ" ಅಂತ ನೋಟ್‌ಬುಕ್ ಮುಚ್ಚಿಟ್ಟವರಿಗೆ ಇದು. ಉಳಿದವರು ಫೋಟೊಕ್ಕ ಲೈಕ್ ಕೊಟ್ಟು ಮುಂದ ಹೋಗ್ರಿ 😄

ಹೋದ ವರ್ಷ ಇಲ್ಲೇ ಒಂದು ಕಥೆ ಹಾಕಿದ್ದೆ. ಅದರಾಗ ಹಿರೇಕೊಟ್ನೆಕಲ್ಲಿನ ಅಜ್ಜಿ ಮೊಮ್ಮಗನಿಗೆ "ಮಗುವೇ, ಊಟ ಮಾಡಿದೆಯಾ?" ಅಂತ ಕೇಳ್ತಾಳೆ. ಓದಿದವರು 11 ಜನ, ಅದರಾಗ ನಾಲ್ಕು ಮಂದಿ ಮನಿಯವರೇ. ಅಜ್ಜಿಗೇ ಓದಿ ಹೇಳಿದೆ. ಆಕಿ ನಕ್ಕು, "ಯಾರ ಅಜ್ಜಿನೋ ಈಕಿ?" ಅಂದ್ಲು.

"ಉಂಡೇನಪಾ?" ಅಂತ ತಿದ್ದಿ ಮತ್ತೆ ಹಾಕಿದೆ. ಆ ರಾತ್ರಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದ ನಮ್ಮೂರ ಹುಡುಗ ವಾಯ್ಸ್ ಮೆಸೇಜ್ ಕಳಿಸಿದ: "ಎರಡು ಸಲ ಓದಿದೆ ಲೇ. ಮನಿ ನೆನಪಾತು." ನನ್ನ ಮೊದಲ ಓದುಗ ಅವನೇ ಅಂತ ನಾನು ಲೆಕ್ಕ ಹಾಕ್ತೀನಿ.

2/5
"ಇದು ಬರೆಯೋ ಭಾಷೆ ಅಲ್ಲ" ಅಂತ ಯಾರಾದರೂ ಅಂದ್ರೆ ಅವರಿಗೆ ನಮ್ಮ ಮಾನ್ವಿ ಸೀಮೆಯ ಕಥೆ ಹೇಳ್ರಿ. ಚೀಕಲಪರವಿಯ ವಿಜಯದಾಸರು ಸುಮಾರು 300 ವರ್ಷದ ಹಿಂದೆ ಕನ್ನಡದಾಗ ಪದ ಕಟ್ಟಿ ಹಾಡಿದರು. ಸಂಸ್ಕೃತ ಪಂಡಿತರೊಬ್ಬರು ಅದನ್ನ ಕೀಳಾಗಿ ಕಂಡ್ರು, ಆಮೇಲೆ ಅವರೇ ಜಗನ್ನಾಥದಾಸರಾಗಿ ಕನ್ನಡದಾಗ 'ಹರಿಕಥಾಮೃತಸಾರ' ಬರೆದರು ಅಂತ ಹಿರಿಯರು ಹೇಳ್ತಾರ. ಭಕ್ತಿಯ ಮಾತು ಬಿಡ್ರಿ, ಬರವಣಿಗೆಯ ಮಾತಷ್ಟೇ ನೋಡ್ರಿ. ದಾಸರಿಗೆ ಪ್ರಕಾಶಕರಿರಲಿಲ್ಲ. ಕಾಲಿತ್ತು, ತಂಬೂರಿ ಇತ್ತು, ಕೇಳುವವರಿಗೆ ತಿಳಿಯೋ ಮಾತಿತ್ತು. ಪದದ ಕೊನೆಗಿನ ಅಂಕಿತವೇ ಅವರ ಹೆಸರು.

3/5
ಅಚ್ಚಿನ ಕಾಲಕ್ಕೆ ಬಂದ್ರೆ ಗಳಗನಾಥರು (1869–1942). ನಿಜ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ, ಈಗಿನ ಹಾವೇರಿ ಜಿಲ್ಲೆಯವರು. ಉತ್ತರ ಕರ್ನಾಟಕದಾಗ ಓದು ಬಂದವರು ಮರಾಠಿ ಕಾದಂಬರಿ ಹಿಡಿದು ಕೂಡ್ತಿದ್ದ ಕಾಲ ಅದು. ಅವರು ಕನ್ನಡದಾಗ ಕಾದಂಬರಿ ಬರೆದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗ ಬರಲಿ ಅಂತ ಕೂಡಲಿಲ್ಲ, ಓದುಗನ ಬಾಗಿಲಿಗೇ ಹೋದರು.

ನಾವು ಏನ್ ಮಾಡ್ತೀವಿ? ಒಂದು ಪೋಸ್ಟ್ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಲೈಕ್ ಎಣಿಸ್ತೀವಿ 🙈

4/5
ಇಲ್ಲಿ ಒಂದು ಮಾತು ನಿಷ್ಠುರವಾಗಿ ಹೇಳಬೇಕು. ಪೂರ್ಣವಿರಾಮ ಕಿತ್ತು ಹಾಕಿದ್ರೆ, ಸಾಲು ಒಡೆದು ಒಂದೊಂದು ಪದ ಕೆಳಗಿಳಿಸಿದ್ರೆ, ಬೈಗುಳ ತುಂಬಿದ್ರೆ ಶೈಲಿ ಆಗಲ್ಲ. ಅದು ಜಾತ್ರೆಯ ಪೀಪಿ. ತಿರುಗಿ ನೋಡ್ತಾರ, ನಿಲ್ಲಂಗಿಲ್ಲ. ಭಾಷೆ ಬೇರೆ ಥರ ಇರಬೇಕಾದ್ದು ಕಥೆಗೆ ಬೇಕಾದಾಗ ಮಾತ್ರ.

"ಹಂಗಾದ್ರ ಮೈಸೂರಿನವರಿಗೆ ತಿಳಿಯೋದು ಹೆಂಗ?" ನ್ಯಾಯವಾದ ಪ್ರಶ್ನೆ. ನಾನು 'ಹಗೇವು' ಅಂತ ಬರೆದಿದ್ದೆ, ಒಬ್ಬರು ಅರ್ಥ ಕೇಳಿದರು. ಅರ್ಥ ಕೊಡಲಿಲ್ಲ, ಮುಂದಿನ ಸಾಲು ತಿದ್ದಿದೆ: ಹುಡುಗ ನೆಲದೊಳಗಿನ ಆ ಕತ್ತಲ ಗುಂಡಿಗೆ ಇಳಿತಾನ, ಹಳೇ ಜೋಳದ ವಾಸನಿ ಮೂಗಿಗೆ ಹೊಡಿತದ. ಆಮೇಲೆ ಯಾರೂ ಕೇಳಲಿಲ್ಲ. ಪದ ನಮ್ಮೂರದು ಇರಲಿ, ಅದನ್ನ ತೋರಿಸೋ ಕಷ್ಟವೂ ನಮ್ಮದೇ ಇರಲಿ.

ನಮ್ಮ ಕಡೆಯ ಬದುಕು ದೂರ ಹೋಗಲ್ಲ ಅಂತೀರಾ? ನುಗಡೋಣಿಯ ಅಮರೇಶ ನುಗಡೋಣಿ ಅವರ 'ಸವಾರಿ' ಕಥೆ ಗಿರೀಶ್ ಕಾಸರವಳ್ಳಿ ಅವರ 'ಕನಸೆಂಬೋ ಕುದುರೆಯನೇರಿ' ಸಿನಿಮಾ ಆಯ್ತು.

5/5
ಈಗ ನಿಮ್ಮ ಸರದಿ. ಬರೆದದ್ದನ್ನ ಮೊದಲು ಮನಿಯಾಗ ಜೋರಾಗಿ ಓದ್ರಿ. ಅಜ್ಜಿ ನಕ್ಕ ಜಾಗ ತಿದ್ರಿ. ಸ್ವಂತ ಪುಸ್ತಕ ಮಾಡೋದಾದ್ರೆ ಸಾಲ ಮಾಡಿ ಸಾವಿರ ಪ್ರತಿ ಹಾಕಿಸಬ್ಯಾಡ್ರಿ, ಕೈಯಾರೆ ಮುಟ್ಟಿಸಬಲ್ಲಷ್ಟೇ ಹಾಕಿಸ್ರಿ. ಕನ್ನಡ ಪುಸ್ತಕ ಪ್ರಾಧಿಕಾರದಾಗ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಅದ, ವಿಚಾರಿಸ್ರಿ.

ನಮ್ಮೂರಿಂದ ದುಡಿಯಾಕ ಹೋದ ಎಷ್ಟೋ ಮಂದಿ ರಾತ್ರಿ ಶೆಡ್ಡಿನಾಗ ಮೊಬೈಲ್ ನೋಡ್ತಾ ಮಲಗ್ತಾರ. ಅವರಿಗೆ ಅವರದೇ ಮಾತಿನಾಗ "ಉಂಡೇನಪಾ?" ಅಂತ ಕೇಳೋರು ಬೇಕು. ನಾವು ಕೇಳದಿದ್ರ ಮತ್ಯಾರು ಕೇಳ್ತಾರ?

ನಿಮ್ಮ ಮನಿಯಾಗ ಮಾತ್ರ ಆಡೋ ಒಂದು ಪದ ಕೆಳಗ ಬರೀರಿ. ಅರ್ಥ ಬ್ಯಾಡ, ಅದು ಬರೋ ಒಂದು ಸಾಲು ಸಾಕು 👇

#ಹಿರೇಕೊಟ್ನೆಕಲ್ #ಮಾನ್ವಿ #ನಮ್ಮಮಾತು #ಬರೀರಿ