ಮರು ಓದಿನ ಕಣ್ಣು

ಅಮೆರಿಕದ ಲೇಖಕಿ ಸುಸಾನ್ ಕಾಲಿನ್ಸರ ‘ದಿ ಹಂಗರ್ ಗೇಮ್ಸ್’ ಕಾದಂಬರಿಮಾಲೆಯ ಮೊದಲ ಮೂರು ಸಂಪುಟಗಳು 2008ರಿಂದ 2010ರವರೆಗೆ ಪ್ರಕಟವಾದವು. ಅಂದು ಅವನ್ನು ಓದಿದ ಕಿಶೋರರು ಇಂದು ಮೂವತ್ತರ ಆಸುಪಾಸಿನವರು. ಪಾನೆಮ್ ಎಂಬುದು ಕಲ್ಪಿತ ರಾಷ್ಟ್ರ. ಹಿಂದೊಮ್ಮೆ ದಂಗೆಯೆದ್ದುದಕ್ಕೆ ದಂಡನೆಯಾಗಿ ಅದರ 12 ಪ್ರಾಂತಗಳು ಪ್ರತಿವರ್ಷ ಚೀಟಿಯೆತ್ತಿ 24 ಮಕ್ಕಳನ್ನು ರಾಜಧಾನಿಗೆ ಒಪ್ಪಿಸಬೇಕು. ಒಬ್ಬರೇ ಉಳಿಯುವವರೆಗೆ ಆ ಮಕ್ಕಳ ಕಾದಾಟ ನಡೆಯುತ್ತದೆ. ನಾಡೆಲ್ಲ ಅದನ್ನು ದೂರದರ್ಶನದಲ್ಲಿ ನೋಡುತ್ತದೆ.

ಎಳೆಯ ಓದುಗರು ನಾಯಕಿ ಕ್ಯಾಟ್ನಿಸಳ ಬಾಣದ ಬೆನ್ನುಹತ್ತಿ ಓಡುತ್ತಾರೆ, ಅದು ಸಹಜವೇ. ಮನೆಯ ದಿನಸಿಯ ಲೆಕ್ಕ ಬಲ್ಲ ವಯಸ್ಸಿನಲ್ಲಿ ಕಣ್ಣು ನಿಲ್ಲುವ ಪುಟ ಬೇರೆ. ಬಡ ಮಗು ತನ್ನ ಹೆಸರಿನ ಮತ್ತೊಂದು ಚೀಟಿ ಸೇರಿಸಲು ಒಪ್ಪಿದರೆ, ಒಬ್ಬರಿಗೆ ಒಂದು ವರ್ಷಕ್ಕೆಂದು ಅಲ್ಪ ಧಾನ್ಯ, ಎಣ್ಣೆ ದೊರೆಯುತ್ತದೆ. ಹಳೆಯ ಚೀಟಿಗಳೂ ಉಳಿದು, ವರ್ಷದಿಂದ ವರ್ಷಕ್ಕೆ ಬೆಳೆಯುತ್ತವೆ. ಹದಿನಾರರ ಕ್ಯಾಟ್ನಿಸಳ ಹೆಸರಿನಲ್ಲಿ 20 ಚೀಟಿಗಳಿವೆ. ಗೆಳೆಯ ಗೇಲನ ಹೆಸರಿನಲ್ಲಿ 42. ಉಳ್ಳವರ ಮಕ್ಕಳಿಗೆ ಈ ಹಂಗಿಲ್ಲ. ಇದನ್ನು ಅದೃಷ್ಟದ ಆಟವೆನ್ನಲು ಎಂಥ ಎದೆಗಾರಿಕೆ ಬೇಕು!

ಹಿಂಸೆಯ ಕಥೆಯೆಂದು ಇದನ್ನು ಮಕ್ಕಳಿಂದ ದೂರವಿಡಬಯಸುವ ಹಿರಿಯರು ತಾವೇ ಒಮ್ಮೆ ಓದುವುದು ಒಳಿತು. ಆಟವನ್ನು ಹೂಡಿದವರು, ಪಣ ಕಟ್ಟಿ ನೋಡುವವರು ದೊಡ್ಡವರೇ. ಕ್ಯಾಟ್ನಿಸಳನ್ನು ಸಿಂಗರಿಸುವ ಮೂವರು ಕೆಡುಕರೇನೂ ಅಲ್ಲ. ಅವಳ ಮೇಲೆ ಅವರಿಗೆ ಅಕ್ಕರೆಯಿದೆ. ಆದರೂ ಅವಳು ಗೆದ್ದು ಬಂದಾಗ ಅವರು ಹರಟುವುದು, ಆಟದ ಯಾವ ಘಟ್ಟದಲ್ಲಿ ತಾವು ಏನು ಮಾಡುತ್ತಿದ್ದೆವೆಂಬುದನ್ನು. ಸತ್ತ ಮಕ್ಕಳ ಮಾತೇ ಅಲ್ಲಿ ಬರುವುದಿಲ್ಲ.