ಹೆಲಿಪ್ಯಾಡ್ ಗುಡಿಸೋಕೆ ನಾವು, ಹೆಲಿಕಾಪ್ಟರ್ ತಪಾಸಣೆಗೆ ಯಾರು?



ಸ್ವಲ್ಪ ಉದ್ದ ಬರೆದೀನಿ. ಸಮಾಧಾನದಿಂದ ಕೊನೇತನಕ ಓದಿ.

"ಹೆಲಿಕಾಪ್ಟರ್ ಸುರಕ್ಷತೆ ನೋಡೋ ಇನ್ಸ್‌ಪೆಕ್ಟರ್ ಕೆಲಸದಲ್ಲೂ ನಿಮಗೆ ಪಾಲು ಬೇಕೇನ್ರಪ್ಪಾ? ಆಕಾಶಾನೂ ಬಿಡೋದಿಲ್ವಾ?" ಅಂತ ಕೇಳೋರು ನಮ್ಮ ಹೊಸಪೇಟೆಯಲ್ಲೂ ಇದ್ದಾರೆ. ಹೌದು, ಬಿಡೋದಿಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮ ಸೀಮೆಗೆ ಹೆಲಿಕಾಪ್ಟರ್ ಹೊಸದೇನಲ್ಲ. ಸಂಡೂರಿನ ಗುಡ್ಡ ಬಗೆದು ಅದಿರು ಸಾಗಿಸಿದ ಕಾಲದಲ್ಲಿ ಗಣಿ ಧಣಿಗಳ ಹೆಲಿಕಾಪ್ಟರ್ ಸದ್ದು ಕೇಳಿಕೊಂಡೇ ಬೆಳೆದವರು ನಾವು. ಹಂಪಿ ಉತ್ಸವಕ್ಕೆ "ಹಂಪಿ ಬೈ ಸ್ಕೈ" ಅಂತ ಕಮಲಾಪುರದಿಂದ ಹಾರಿಸ್ತಾರೆ. ದುಡ್ಡಿದ್ದವರು ಕೆಲವೇ ನಿಮಿಷದಲ್ಲಿ ಕಲ್ಲಿನ ರಥ, ತುಂಗಭದ್ರೆ ಎಲ್ಲಾ ಮೇಲಿಂದ ನೋಡಿ ಇಳೀತಾರೆ. ಚುನಾವಣೆ ಬಂತಂದ್ರೆ ಸಂಡೂರು, ಕಂಪ್ಲಿಯಲ್ಲಿ ರಾತ್ರೋರಾತ್ರಿ ತಾತ್ಕಾಲಿಕ ಹೆಲಿಪ್ಯಾಡ್ ರೆಡಿ. ಆ ಮೈದಾನ ಗುಡಿಸೋರು ಯಾರು? ಕಲ್ಲು, ಪ್ಲಾಸ್ಟಿಕ್ ಆರಿಸೋರು ಯಾರು? ಧೂಳು ಏಳಬಾರದು ಅಂತ ಟ್ಯಾಂಕರ್ ನೀರು ಚಿಮುಕಿಸೋರು ಯಾರು? ನಮ್ಮ ಪೌರಕಾರ್ಮಿಕರು. ನಮ್ಮ ಕೇರಿಯ ಅಕ್ಕಂದಿರು, ಅಣ್ಣಂದಿರು.

ಇದು ಬರೀ ಕಸದ ಕೆಲಸ ಅಂದ್ಕೊಂಡಿದ್ರೆ ಜೇವರ್ಗಿ ನೆನಪು ಮಾಡ್ಕೊಳ್ಳಿ. 2023ರ ಮಾರ್ಚ್‌ನಲ್ಲಿ ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಅಲ್ಲಿ ಇಳಿಯೋಕೆ ಹೋದಾಗ ಮೈದಾನದ ಪ್ಲಾಸ್ಟಿಕ್ ಶೀಟುಗಳು, ಕಸ ಗಾಳಿಗೆ ಎದ್ದು ಹಾರಿದವು. ಪೈಲಟ್ ಇಳಿಸದೆ ಮತ್ತೆ ಮೇಲಕ್ಕೆ ಎತ್ತಿದರು. ಜಾಗ ಸ್ವಚ್ಛ ಮಾಡಿದ ಮೇಲೇ ಇಳಿದದ್ದು. ಅಂದರೆ ಹೆಲಿಕಾಪ್ಟರ್ ಸುರಕ್ಷತೆಯ ಮೊದಲ ಕೆಲಸ ಪೊರಕೆಯಿಂದ ಶುರುವಾಗುತ್ತೆ. ಆ ಮೊದಲ ಮೆಟ್ಟಿಲಲ್ಲಿ ನಾವು ನೂರಕ್ಕೆ ನೂರು. ಅಲ್ಲಿ ಯಾರೂ ಮೆರಿಟ್ ಮಾತಾಡಲ್ಲ. ಕೊನೆಯ ಮೆಟ್ಟಿಲು, ಅಂದ್ರೆ ಕೈಯಲ್ಲಿ ಪೆನ್ನು ಹಿಡಿದು "ಇದು ಹಾರಬಹುದು, ಇದು ಹಾರಬಾರದು" ಅಂತ ಬರೆಯೋ ಜಾಗ ಬಂದ ಕೂಡಲೇ ಮೆರಿಟ್ ನೆನಪಾಗುತ್ತೆ.

ಆ ಪೆನ್ನು ಇರೋದು ಡಿಜಿಸಿಎ ಕೈಯಲ್ಲಿ, ಅಂದ್ರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅಲ್ಲಿ "ಫ್ಲೈಟ್ ಆಪರೇಷನ್ಸ್ ಇನ್ಸ್‌ಪೆಕ್ಟರ್ (ಹೆಲಿಕಾಪ್ಟರ್)" ಅಂತ ಹುದ್ದೆ ಇದೆ. ಕಂಪನಿಗಳು ನಿಯಮ ಪಾಲಿಸ್ತಿವೆಯಾ, ಪೈಲಟ್‌ಗಳ ತರಬೇತಿ ಸರಿ ಇದೆಯಾ ಅಂತ ನೋಡೋರು ಇವರು. ಸಂಬಳ ತಿಂಗಳಿಗೆ ಲಕ್ಷಗಳಲ್ಲಿ. ನೇಮಕಾತಿ ಮಾತ್ರ ಗುತ್ತಿಗೆ ಮೇಲೆ.

ಅರ್ಹತೆ ಏನು? ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ. ಹೆಲಿಕಾಪ್ಟರ್ ಪೈಲಟ್ ಲೈಸೆನ್ಸ್. ಎಲ್ಲಕ್ಕಿಂತ ಮುಖ್ಯವಾಗಿ ಹಾರಾಟದ ಗಂಟೆಗಳು. ಪೈಲಟ್ ಲೈಸೆನ್ಸ್‌ಗಳಲ್ಲಿ ದೊಡ್ಡದಾದ ಎಟಿಪಿಎಲ್ ಸಿಗಬೇಕಂದ್ರೇ ಹೆಲಿಕಾಪ್ಟರ್‌ನಲ್ಲಿ 1000 ಗಂಟೆ ಹಾರಿರಬೇಕು. ಕಾಗದದ ಮೇಲೆ ಎಲ್ಲೂ ಜಾತಿ ಇಲ್ಲ. ಗಂಟೆಗೆ ಜಾತಿ ಇರುತ್ತಾ ಅಂತ ಕೇಳ್ತೀರಿ. ಇರುತ್ತೆ ಸ್ವಾಮಿ. ಆ ಗಂಟೆ ಎಲ್ಲಿಂದ ಬರುತ್ತೆ ನೋಡಿ.

ಗಂಟೆ ಸಂಪಾದಿಸೋಕೆ ಇರೋದು ಎರಡೇ ದಾರಿ. ಒಂದು, ದುಡ್ಡು ಕೊಟ್ಟು ಕೊಳ್ಳೋದು. ಕೇಂದ್ರ ಸರ್ಕಾರದ್ದೇ ಪೈಲಟ್ ತರಬೇತಿ ಸಂಸ್ಥೆ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ. ಸೀಟಿನಲ್ಲಿ ಎಸ್‌ಸಿ, ಎಸ್‌ಟಿ ಮೀಸಲಾತಿ ಇದೆ. ಆದರೆ ಶುಲ್ಕ 45 ಲಕ್ಷದ ಆಸುಪಾಸು! ಕಂಪ್ಲಿಯಲ್ಲಿ ಭತ್ತದ ನಾಟಿ ಮಾಡೋ ತಾಯಿ ಈ ಮೀಸಲಾತಿ ಇಟ್ಕೊಂಡು ಏನು ಮಾಡ್ಬೇಕು? ಬಾಗಿಲು ತೆಗೆದಿದೆ, ಹೊಸ್ತಿಲು ಮಾತ್ರ 45 ಲಕ್ಷ ಎತ್ತರ. ಅದೂ ವಿಮಾನದ ಲೆಕ್ಕ. ಹೆಲಿಕಾಪ್ಟರ್ ಹಾರಾಟದ ಒಂದೊಂದು ಗಂಟೆ ಅದಕ್ಕಿಂತ ದುಬಾರಿ.

ಎರಡನೇ ದಾರಿ ಸೈನ್ಯ. ದೇಶದ ಖರ್ಚಿನಲ್ಲಿ ಹಾರಿ, ಸಾವಿರಾರು ಗಂಟೆ ಲಾಗ್‌ಬುಕ್‌ಗೆ ಸೇರಿಸಿ, ನಿವೃತ್ತಿಯಾಗಿ ಕಂಪನಿಗೋ ಸರ್ಕಾರಕ್ಕೋ ಬರೋ ದಾರಿ. ಅವರ ಧೈರ್ಯಕ್ಕೆ, ಸೇವೆಗೆ ನನ್ನ ಸಲಾಂ. ಆದರೆ ಸೇನೆ, ನೌಕಾಪಡೆ, ವಾಯುಪಡೆ ಮೂರರಲ್ಲೂ ಎಸ್‌ಸಿ, ಎಸ್‌ಟಿ ಮೀಸಲಾತಿ ಇಲ್ಲ ಅನ್ನೋದು ಗೊತ್ತಿರಲಿ.

ಈಗ ಲೆಕ್ಕ ಕೂಡಿಸಿ. ಮೊದಲ ದಾರಿಗೆ ದುಡ್ಡಿನ ಗೇಟು. ಎರಡನೇ ದಾರಿಯಲ್ಲಿ ಮೀಸಲಾತಿಯೇ ಇಲ್ಲ. ಎರಡನ್ನೂ ದಾಟಿ ಬಂದವರಿಗೆ ಮಾತ್ರ ಇನ್ಸ್‌ಪೆಕ್ಟರ್ ಕುರ್ಚಿ. ಅಪ್ಪನ ಹೊಲ ಮಗನ ಪಹಣಿಗೆ ಬಂದ ಹಾಗೆ ಅವಕಾಶ ಇದ್ದವರ ಲಾಗ್‌ಬುಕ್‌ಗೆ ಗಂಟೆಗಳು ಬರ್ತವೆ. ಭೂಮಿ ಇಲ್ಲದವನಿಗೆ "ನಿನಗ್ಯಾಕೆ ಹೊಲ ಇಲ್ಲ, ನೀನು ಸೋಮಾರಿ" ಅಂತ ಆಗ ಅಂದ್ರು. ಈಗ "ನಿನಗ್ಯಾಕೆ ಗಂಟೆ ಇಲ್ಲ, ನಿನಗೆ ಮೆರಿಟ್ ಇಲ್ಲ" ಅಂತಾರೆ. ಮಾತು ಹೊಸದು, ಬಾಯಿ ಹಳೇದು.

"ಹಾಗಾದ್ರೆ ಗಂಟೆ ಕಡಿಮೆ ಮಾಡ್ಬೇಕಾ? ಜನ ಸಾಯ್ಲಾ?" ಅಂತ ಕೇಳ್ತಾರೆ. ಯಾರು ಕೇಳಿದ್ರು ಕಡಿಮೆ ಮಾಡಿ ಅಂತ? ಒಂದು ಗಂಟೆಯನ್ನೂ ಕಡಿಮೆ ಮಾಡಬೇಡಿ. ಹೆಲಿಕಾಪ್ಟರ್ ಬಿದ್ರೆ ಏನಾಗುತ್ತೆ ಅನ್ನೋದು ನಮಗೆ ನಿಮಗಿಂತ ಚೆನ್ನಾಗಿ ಗೊತ್ತು. ಲೋಕಸಭೆಯ ಮೊದಲ ದಲಿತ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಅವರನ್ನು 2002ರ ಮಾರ್ಚ್ 3ರಂದು ಆಂಧ್ರದ ಕೈಕಲೂರಿನ ಹತ್ತಿರ ನಾವು ಕಳಕೊಂಡಿದ್ದು ಹೆಲಿಕಾಪ್ಟರ್ ಅಪಘಾತದಲ್ಲೇ. ಮೀನಿನ ಕೊಳವನ್ನು ಗಟ್ಟಿ ನೆಲ ಅಂದ್ಕೊಂಡು ಇಳಿಸೋಕೆ ಹೋಗಿದ್ರು. ಸುರಕ್ಷತೆಯ ಪಾಠ ನಮಗೆ ಹೇಳಬೇಡಿ.

ಇನ್ನು ಈಗಿನ ವ್ಯವಸ್ಥೆ ಭಾರಿ ಸುರಕ್ಷಿತವೇನು? 2025ರ ಜೂನ್ 15ರಂದು ಕೇದಾರನಾಥದಿಂದ ಬರ್ತಿದ್ದ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು 7 ಜನ ಸತ್ತರು. ಅದರಲ್ಲಿ ಒಂದು ಎಳೆ ಕೂಸು. ಅದೇ ವರ್ಷ ಸಂಸದೀಯ ಸಮಿತಿ ಕೊಟ್ಟ ವರದಿ ಪ್ರಕಾರ ಡಿಜಿಸಿಎಯಲ್ಲಿ ಮಂಜೂರಾದ 1063 ತಾಂತ್ರಿಕ ಹುದ್ದೆಗಳಲ್ಲಿ ಭರ್ತಿಯಾಗಿದ್ದು 553 ಮಾತ್ರ. ಹತ್ತಿರ ಹತ್ತಿರ ಅರ್ಧ ಕುರ್ಚಿ ಖಾಲಿ! ಸುರಕ್ಷತೆಗೆ ಅಪಾಯ ಮೀಸಲಾತಿಯಿಂದ ಅಲ್ಲ, ಈ ಖಾಲಿ ಕುರ್ಚಿಗಳಿಂದ. ಯೋಗ್ಯರು ಸಿಗ್ತಿಲ್ಲ ಅಂತ ಅಳೋ ಸರ್ಕಾರ, ದೇಶದ ದೊಡ್ಡ ಭಾಗದ ಮಕ್ಕಳಿಗೆ ಯೋಗ್ಯತೆ ಗಳಿಸೋ ದಾರಿಯನ್ನೇ ಹಾಕಿಕೊಡಲಿಲ್ಲ.

ಗುತ್ತಿಗೆ ವಿಷಯಕ್ಕೆ ಬರೋಣ. "ಇದು ಕಾಂಟ್ರಾಕ್ಟ್ ಹುದ್ದೆ, ಇದರಲ್ಲಿ ರೋಸ್ಟರ್ ಎಲ್ಲಿಂದ ಬಂತು" ಅಂತ ಹೇಳಿ ಬಾಯಿ ಮುಚ್ಚಿಸ್ತಾರೆ. ಮುಚ್ಚಬೇಡಿ. 45 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲದ ತಾತ್ಕಾಲಿಕ ನೇಮಕಾತಿಗೂ ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿ ಅನ್ವಯ ಆಗುತ್ತೆ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹೇಳಿದ್ದು ಕೇಂದ್ರ ಸರ್ಕಾರವೇ. 2024ರ ಆಗಸ್ಟ್‌ನಲ್ಲಿ ಮೀಸಲಾತಿ ಇಲ್ಲದೆ ಕರೆದ 45 ಲ್ಯಾಟರಲ್ ಎಂಟ್ರಿ ಹುದ್ದೆಗಳ ಜಾಹೀರಾತನ್ನು ಮೂರೇ ದಿನದಲ್ಲಿ ವಾಪಸ್ ತಗೊಳ್ಳಬೇಕಾಯ್ತು. ಯಾಕೆ? ದೇಶ ಪ್ರಶ್ನೆ ಕೇಳಿತು. ಇನ್ಸ್‌ಪೆಕ್ಟರ್ ಹುದ್ದೆ ಕರೆದಾಗಲೂ ಹಾಗೇ ಕೇಳಬೇಕು.

ಸಂಡೂರು, ಕಂಪ್ಲಿ ಎರಡೂ ಎಸ್‌ಟಿ ಮೀಸಲು ಕ್ಷೇತ್ರಗಳು. ಬಳ್ಳಾರಿ ಲೋಕಸಭೆಯೂ ಅಷ್ಟೇ. ನಮ್ಮ ಹೆಸರಿನ ಕ್ಷೇತ್ರದಲ್ಲಿ ಗೆದ್ದು ವಿಧಾನಸೌಧ, ಸಂಸತ್ತಿಗೆ ಹೋದವರಿಗೆ ನನ್ನ ನೇರ ಪ್ರಶ್ನೆ: ಗಣಿಬಾಧಿತರಿಗೆ ಅಂತಲೇ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ. ಶಿಕ್ಷಣ, ಕೌಶಲ ಅದರ ಆದ್ಯತಾ ವಲಯಗಳು. 2013ರಿಂದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಎಚ್‌ಎಎಲ್ ನಮ್ಮ ಬೆಂಗಳೂರಲ್ಲೇ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಗಿದೆ. ದುಡ್ಡೂ ಐತಿ, ಕಾಯ್ದೇನೂ ಐತಿ, ಕಾರ್ಖಾನೆನೂ ಐತಿ. ಇಲ್ಲದ್ದು ನಿಮ್ಮ ಮನಸ್ಸು. ಸಂಡೂರಿನ ಧೂಳು ಕುಡಿದ ಮನೆಗಳ ಮಕ್ಕಳಿಗೆ ಆ ಹಣದಲ್ಲಿ ಹಾರಾಟದ ಗಂಟೆ ಕೊಡಿಸಿ. ಅದಿರು ನಮ್ಮ ನೆಲದ್ದು, ಅದರಿಂದ ಬಂದ ಗಂಟೆಯೂ ನಮ್ಮ ಮಕ್ಕಳದ್ದಾಗಲಿ.

ಕಂಪ್ಲಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯು ಓದೋ ತಮ್ಮನೊಬ್ಬ ಕೇಳಿದ: "ಅಣ್ಣಾ, ಅಲ್ಲೀಗಂಟ ಹೋಗಾಕ ಏನ್ ಓದಬೇಕು?" ಅವನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳ್ತೀನಿ. ಗಣಿತ, ಭೌತಶಾಸ್ತ್ರ ಬಿಡಬೇಡಿ. ಆರ್ಟ್ಸ್, ಕಾಮರ್ಸ್ ತಗೊಂಡಿದ್ರೆ ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಪಾಸ್ ಮಾಡ್ಕೊಳ್ಳಬಹುದು. ಪೈಲಟ್ ಆಗೋದೊಂದೇ ದಾರಿ ಅಲ್ಲ. ವಿಮಾನ ನಿರ್ವಹಣಾ ಇಂಜಿನಿಯರ್ ಲೈಸೆನ್ಸ್‌ನಲ್ಲಿ ಬಿ1.3 ಅನ್ನೋ ವಿಭಾಗ ಟರ್ಬೈನ್ ಹೆಲಿಕಾಪ್ಟರ್‌ಗಳದ್ದು. ಡಿಜಿಸಿಎಯ ಏರ್‌ವರ್ದಿನೆಸ್ ಆಫೀಸರ್ ಹುದ್ದೆ ಯುಪಿಎಸ್‌ಸಿ ಮೂಲಕ ಭರ್ತಿಯಾಗುತ್ತೆ, ಅಲ್ಲಿ ಮೀಸಲಾತಿ ಇದೆ. ಹೆಲಿಕಾಪ್ಟರ್ ಹಾರೋಕೆ ಯೋಗ್ಯವಾ ಅಂತ ನೋಡೋದು ಆ ವಿಭಾಗವೇ. ನಮ್ಮ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ ಹುಡುಗಿಯರು ಆ ಕಡೆ ಕಣ್ಣು ಹಾಕಲಿ.

ನಮ್ಮ ಬೇಡಿಕೆ ಮೂರೇ:

1. ಇನ್ಸ್‌ಪೆಕ್ಟರ್ ಹುದ್ದೆಗಳ ರೋಸ್ಟರ್ ಬಹಿರಂಗವಾಗಲಿ. ಗುತ್ತಿಗೆ ಹೆಸರಲ್ಲಿ ಮೀಸಲಾತಿ ನುಂಗಬೇಡಿ.
2. ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳ ಪೈಲಟ್ ಮತ್ತು ನಿರ್ವಹಣಾ ಇಂಜಿನಿಯರ್ ತರಬೇತಿಯ ಪೂರ್ತಿ ಖರ್ಚು ಸರ್ಕಾರ ಭರಿಸಲಿ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಖನಿಜ ನಿಧಿಯಿಂದಲೇ ಶುರುವಾಗಲಿ.
3. ಹೆಲಿಪ್ಯಾಡ್ ಸಿದ್ಧ ಮಾಡೋ ಪೌರಕಾರ್ಮಿಕರಿಗೆ ಸುರಕ್ಷತಾ ತರಬೇತಿ, ಕಿವಿ-ಕಣ್ಣಿನ ರಕ್ಷಣಾ ಸಾಧನ, ಹೆಚ್ಚುವರಿ ಕೂಲಿ ಕೊಡಲಿ.

ಈ ವಾರ ಒಬ್ಬೊಬ್ಬರು ಒಂದೊಂದು ಆರ್‌ಟಿಐ ಹಾಕಿ. ಡಿಜಿಸಿಎಗೆ ಒಂದೇ ಪ್ರಶ್ನೆ ಸಾಕು: ಹೆಲಿಕಾಪ್ಟರ್ ಇನ್ಸ್‌ಪೆಕ್ಟರ್‌ಗಳಲ್ಲಿ ಎಸ್‌ಸಿ ಎಷ್ಟು, ಎಸ್‌ಟಿ ಎಷ್ಟು? ಹತ್ತು ರೂಪಾಯಿ ಶುಲ್ಕ. ಬಂದ ಉತ್ತರ ಇಲ್ಲೇ ಹಾಕಿ, ಎಲ್ಲರೂ ನೋಡಲಿ.

ಜೈ ಭೀಮ್. ಜೈ ಸಂವಿಧಾನ.