ಮಾರುತಿಗೆ ‘ಶುಭಂ’ ಬರೆಯಬೇಡಿ!

ಓದುಗ ಮಿತ್ರರೇ, ಈ ವಾರ ಯಾವ ನಟಿಯ ಸುದ್ದಿಯೂ ಇಲ್ಲ, ಯಾವ ಸೆಟ್ಟಿನ ಜಗಳವೂ ಇಲ್ಲ. ಬೇಸರ ಮಾಡ್ಕೋಬೇಡಿ! ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ತಿಕೋಟಾ ಬಸ್ಸಿಗೆ ಕಾಯುತ್ತಿರುವ ತಮ್ಮಂದಿರೇ, ಒಮ್ಮೆ ತಲೆ ಎತ್ತಿ ರಸ್ತೆ ನೋಡಿ. ಹತ್ತು ನಿಮಿಷದಲ್ಲಿ ಎಷ್ಟು ಮಾರುತಿ 800 ಹೋದವು? ಒಂದು? ಅದೂ ಇಲ್ಲವೇ?

ಒಂದು ಕಾಲಕ್ಕೆ ಇದೇ ಹೀರೋ ಸ್ವಾಮಿ! ಸಿನಿಮಾದಲ್ಲಿ ಸಾಹುಕಾರನಿಗೆ ಅಂಬಾಸಿಡರ್, ವಿಲನ್‌ಗೆ ಕಾಂಟೆಸ್ಸಾ. ಮೇಷ್ಟ್ರಿಗೆ, ಬ್ಯಾಂಕ್ ಕ್ಲರ್ಕಿಗೆ? ಅವರಿಗಾಗಿ ಬಂದದ್ದು ಈ ಪುಟ್ಟ ಗಾಡಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರೇ ಮೊದಲ ಗಾಡಿಯ ಕೀಲಿಕೈ ಕೊಟ್ಟರು. ಮೂರು ಸಿಲಿಂಡರ್, 796 ಸಿಸಿ. ದೇಶದಲ್ಲಿ ಸುಮಾರು 27 ಲಕ್ಷ ಮಾರಾಟವಾಗಿ, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅದೇ ನವೆಂಬರಿನಲ್ಲಿ ನಮ್ಮ ಬಿಜಾಪುರ ವಿಜಯಪುರವಾಯಿತು. ಊರಿಗೆ ಹೊಸ ಹೆಸರು, ಗಾಡಿಗೆ ‘ಹಳೇದು’ ಅನ್ನೋ ಹೆಸರು!

ತಿಕೋಟಾದ ನಮ್ಮ ಕಾಕಾ 2000ನೇ ಇಸವಿಯಲ್ಲಿ ಒಣದ್ರಾಕ್ಷಿ ಮಾರಿದ ರೊಕ್ಕದಿಂದ ಬಿಳಿ 800 ತಂದರು. ‘ಮುಂಗಾರು ಮಳೆ’ ಬಂದಾಗ ಅದರಲ್ಲಿ ಏಳು ಮಂದಿ ತುರುಕಿಕೊಂಡು ಬಿಜಾಪುರಕ್ಕೆ ಹೋಗಿದ್ದೆವು. ಮಳೆಗಾಗಿ ಮುಗಿಲು ನೋಡುವ ಮಂದಿ ನಾವು, ಪರದೆ ಮೇಲಾದರೂ ಕಣ್ತುಂಬ ಮಳೆ ನೋಡಿ ಬಂದ್ವಿ! ಬಬಲೇಶ್ವರದಲ್ಲಿ ನಮ್ಮವ್ವನಿಗೆ ನಡುರಾತ್ರಿ ಎದೆನೋವು ಬಂದಾಗ ದವಾಖಾನೆ ಮುಟ್ಟಿಸಿದ್ದೂ ಇದೇ ಗಾಡಿ. ಅವ್ವ ಇವತ್ತಿಗೂ ಅದರ ಬಾನೆಟ್ ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಳ್ತಾಳೆ.

2025ರ ಡಿಸೆಂಬರಿಗೆ ಅದರ ನೋಂದಣಿ ಮುಗೀತು. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ. ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಿಂದ 10,000!

ಕಾಕಾನ ಮಗ ಸಿಡಿದೆದ್ದ: “ಗುಜರಿಗೆ ಹಾಕೂಣಪ್ಪಾ, ಇದ್ರಾಗ ಏರ್‌ಬ್ಯಾಗ್ ಸೈತ ಇಲ್ಲ.”

“ನನ್ನ ಮೊಣಕಾಲೂ ಹಳೇವಾಗ್ಯಾವ. ಅವನ್ನೂ ಗುಜರಿಗೆ ಹಾಕ್ತೀಯೇನ?” ಅಂದ್ರು ಕಾಕಾ. ಬೈಕ್ ಹತ್ತಲಾರದ ಮನುಷ್ಯ. ಗಾಡಿ ಹೋದರೆ ಹೊಲವೂ ದೂರ, ಪ್ಯಾಟಿಯೂ ದೂರ.

ತಮ್ಮನ ಮಾತೂ ಸುಳ್ಳಲ್ಲ, ಕಾಕಾನ ಮಾತೂ ಸುಳ್ಳಲ್ಲ. ನಾನು ನಡುವೆ ಸಿಕ್ಕಿಬಿದ್ದ ಸೈಡ್ ಆ್ಯಕ್ಟರ್! ಮೂವರೂ ಮೇಸ್ತ್ರಿ ಹತ್ತಿರ ಹೋದ್ವಿ.

“ಎಂಜಿನ್ ಚಿಂತಿ ಬಿಡ್ರಿ. ಓಮ್ನಿಗೂ 796 ಸಿಸಿನೇ, ಅದು 2019ರ ತನಕ ಬಂದದ. ಸಾಮಾನು ಸಿಗ್ತಾವ. ತಳಾ ತುಕ್ಕು ತಿಂದದ, ಅದಕ್ಕ ಪತ್ರಾ ಬೆಸಿಬೇಕು. ಮತ್ತ ಈಗ ಪೆಟ್ರೋಲಿನಾಗ ಶೇಕಡಾ 20 ಎಥೆನಾಲ್. ಹಳೇ ರಬ್ಬರ್ ಪೈಪ್ ಬದಲಿ ಮಾಡ್ರಿ.”

ನೋಡಿ ತಮಾಷೆ! ಎಥೆನಾಲ್ ಆಗೋದು ಕಬ್ಬಿನಿಂದಲೂ. ನಮ್ಮ ಹೊಲದ ಕಬ್ಬೇ ನಮ್ಮ ಗಾಡಿಗೆ ವಿಲನ್!

ಪತ್ರಾ ಬೆಸೆಸಿ, ಪೈಪ್ ಬದಲಿಸಿ, ಬ್ರೇಕ್ ರಿಪೇರಿ ಮಾಡಿಸಿ ಪರೀಕ್ಷೆಗೆ ಒಯ್ದೆವು. ಶುಲ್ಕದ ಅರ್ಧ ನಾನು ಕೊಟ್ಟೆ. ಅವ್ವನ ಜೀವಕ್ಕೆ ಅದು ಯಾವ ಲೆಕ್ಕ? ತಮ್ಮ ಬಾಯಿ ಬಿಡದೆ ಉಳಿದರ್ಧ ಕೊಟ್ಟ. ಗಾಡಿ ಪಾಸ್!

ಹೊರಗೆ ಬಂದು ಚಾ ಕುಡಿಯುವಾಗ ಕಾಕಾ ಕಾಗದ ಮಡಚಿ ಕಿಸೆಗಿಟ್ಟುಕೊಂಡು ನಕ್ಕರು: “ಗಾಡಿಗೆ ಐದು ವರ್ಷ ಬರಕೊಟ್ರು. ಎಪ್ಪತ್ತೊಂದು ದಾಟಿದ ನನಗ ಯಾವ ಆಫೀಸಿನಾಗ ಬರಕೊಡ್ತಾರಲೇ?”

ನಾವಿಬ್ಬರೂ ನಗಲಿಲ್ಲ. ತಮ್ಮ ಚಾ ಕಪ್ ಇಟ್ಟು ಹಿಂದಿನ ಬಾಗಿಲು ತೆಗೆದ: “ಹಿಂದ ಕುಂದರು ಅಪ್ಪಾ. ಇವತ್ತ ನಾ ಹೊಡೀತೀನಿ.”

ಪದ್ಮಿನಿ ಕಾರಿನ ಹೆಸರಲ್ಲಿ 2019ರಲ್ಲಿ ಜಗ್ಗೇಶ್ ಚಿತ್ರ ಬಂತು. ಯುವ ನಿರ್ದೇಶಕರೇ, ಮಾರುತಿಗೂ ಒಂದು ಕತೆ ಬರೀರಿ. ಹೀರೋ ತಿಕೋಟಾದಲ್ಲಿದ್ದಾನೆ. ಡೇಟ್ಸ್ ಐದು ವರ್ಷ ಖಾಲಿ!

ಮುಂದಿನ ವಾರ ಸಿಗೋಣ.